ಪುಷ್ಪಕದಲ್ಲಿ ಇಬ್ಬರು

ನಮ್ಮ ಸೀಮೆಗೆ ಕಡಲಿಲ್ಲ; ಆದರೆ ಕೋರಮಂಡಲವಿದೆ. ಬಂಗಾರಪೇಟೆಯಲ್ಲಿ ಮದರಾಸಿನ ದೊಡ್ಡ ಮಾರ್ಗವನ್ನು ಬಿಟ್ಟು ಚಿನ್ನದ ಗಣಿಗಳ ಕಡೆಗೆ ಹೊರಳುವ ಕವಲುದಾರಿಯ ರೈಲಿನಲ್ಲಿ ಕುಳಿತವರಿಗೆ ಆ ಹೆಸರಿನ ಹಲಗೆ ಹೊತ್ತ ಪುಟ್ಟ ನಿಲ್ದಾಣವೊಂದು ಎದುರಾಗುತ್ತದೆ. ಅದನ್ನು ದಾಟಿದರೆ ಊರ್ಗಾಂ, ಬಳಿಕ ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಹಳೆಯ ಗಣಿಯೊಂದರ ಹೆಸರು ನಿಲ್ದಾಣಕ್ಕೆ ಅಂಟಿಕೊಂಡು ಉಳಿದದ್ದು ಅಷ್ಟೆ. ಸಮುದ್ರ ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ಮಿಗಿಲು. ನಮ್ಮ ನೆಲದಿಂದ ಕಡಲಿನವರೆಗೆ ಹೋಗುವ ಹೊಳೆ ಪಾಲಾರ್. ನಂದಿಯ ಸೀಮೆಯಲ್ಲಿ ಹುಟ್ಟಿ, ಬೇತಮಂಗಲದ ಕೆರೆಯನ್ನು ತುಂಬಿ, ಗಣಿಯ ಊರಿಗೆ ಕುಡಿಯುವ ನೀರು ಕೊಟ್ಟು, ಉಳಿದಿದ್ದರೆ ವಾಣಿಯಂಬಾಡಿ, ವೆಲ್ಲೂರುಗಳನ್ನು ಹಾದು ಅದು ಬಂಗಾಳ ಕೊಲ್ಲಿಯನ್ನು ಸೇರಬೇಕು. ಉಳಿಯುವುದು ಅಪರೂಪ. ಹೀಗಾಗಿ ನಮ್ಮಲ್ಲಿ ಕಡಲೆಂಬುದು ಹೆಸರಿನಲ್ಲಿ ಮತ್ತು ಪುಸ್ತಕದಲ್ಲಿ ಮಾತ್ರ ಇದ್ದ ಪದಾರ್ಥ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪಾಠ ಹೇಳಿದ ನನಗೆ ಆ ಪುಸ್ತಕದ ಕಡಲು ಯಾವುದೆಂದು ಹೇಳಬೇಕಾಗಿಲ್ಲ. ಕಾಳಿದಾಸನ ರಘುವಂಶದ ಹದಿಮೂರನೆಯ ಸರ್ಗ. ರಾವಣವಧೆಯಾಗಿದೆ, ಹದಿನಾಲ್ಕು ವರ್ಷಗಳ ಅವಧಿ ಮುಗಿದಿದೆ, ರಾಮನು ಸೀತೆಯೊಡನೆ ಪುಷ್ಪಕವನ್ನೇರಿ ಲಂಕೆಯಿಂದ ಅಯೋಧ್ಯೆಗೆ ಹೊರಟಿದ್ದಾನೆ. ಕಡಲ ಮೇಲೆ ದಂಪತಿಗಳು ಕೈಗೊಂಡ ಗಗನವಿಹಾರದ ವರ್ಣನೆಗಳಲ್ಲಿ ಇದಕ್ಕಿಂತ ಸೊಗಸಾದದ್ದನ್ನು ನಾನು ಓದಿಲ್ಲ. ವಿಮಾನದಲ್ಲಿ ಇವರಿಬ್ಬರೇ ಇದ್ದರೆಂದು ತಿಳಿಯಬಾರದು. ಲಕ್ಷ್ಮಣನಿದ್ದಾನೆ, ಸುಗ್ರೀವನಿದ್ದಾನೆ, ವಿಭೀಷಣನಿದ್ದಾನೆ. ಆದರೂ ಕವಿ ಮೊದಲ ಪದ್ಯದಲ್ಲೇ 'ಮಿಥಃ' ಎಂಬ ಒಂದು ಪದವನ್ನಿಟ್ಟು ಅವರನ್ನೆಲ್ಲ ಆಚೆಗೆ ಸರಿಸಿಬಿಡುತ್ತಾನೆ. ಗುಟ್ಟಾಗಿ, ತಮ್ಮಿಬ್ಬರೊಳಗೇ, ರಾಮನು ಮಡದಿಗೆ ಹೇಳಿದನಂತೆ. ಈಗಿನ ದಿನಗಳಲ್ಲಿ ಮುಂಬಯಿ, ದುಬೈಗಳಂಥ ಕಡಲತೀರದ ನಗರಗಳಲ್ಲಿ ಹೆಲಿಕಾಪ್ಟರನ್ನು ಇಬ್ಬರಿಗಾಗಿಯೇ ಗೊತ್ತುಮಾಡಿಕೊಂಡು ಸುತ್ತಾಡುವ ಏರ್ಪಾಡಿದೆಯೆಂದು ಕೇಳುತ್ತೇವೆ. ಕಾಳಿದಾಸನಿಗೆ ಅಷ್ಟು ವೆಚ್ಚ ತಗುಲಲಿಲ್ಲ. ಒಂದು ಅವ್ಯಯದಲ್ಲಿ ಕೆಲಸ ಮುಗಿಸಿದ.

ರಾಮನು ತೋರಿಸುತ್ತ ಹೋಗುತ್ತಾನೆ. ತಾನು ಕಟ್ಟಿಸಿದ ಸೇತುವೆ ನೊರೆಗಡಲನ್ನು ಎರಡು ಭಾಗ ಮಾಡಿರುವುದು, ಶರತ್ಕಾಲದ ಆಕಾಶವನ್ನು ಛಾಯಾಪಥವು ಸೀಳಿದಂತೆ. ದೂರದ ತೀರ, ತಾಳೆ ತಮಾಲಗಳ ಸಾಲಿನಿಂದ ಕಪ್ಪಾಗಿ, ಕಬ್ಬಿಣದ ಗಾಲಿಯ ಅಂಚಿಗೆ ಹಿಡಿದ ತುಕ್ಕಿನ ಗೆರೆಯಂತೆ ಕಾಣುತ್ತದೆ. ಗಾಲಿಯ ತುಕ್ಕು! ಕಡಲನ್ನು ಕಬ್ಬಿಣದ ಚಕ್ರಕ್ಕೆ ಹೋಲಿಸಬಲ್ಲವನು ಎತ್ತರದಿಂದ ಅದನ್ನು ಕಂಡವನೇ ಆಗಿರಬೇಕು ಎಂದು ನಾನು ತರಗತಿಯಲ್ಲಿ ಹೇಳುವುದಿತ್ತು. ಗಣಿಯ ಯಂತ್ರಗಳ ನಡುವೆ ಬೆಳೆದ ನಮ್ಮ ಹುಡುಗರಿಗೆ ತುಕ್ಕಿನ ಮಾತು ಬೇರೆ ಯಾವ ಉಪಮೆಗಿಂತಲೂ ಬೇಗ ಹಿಡಿಯುತ್ತಿತ್ತು. ವಿಮಾನ ಮುಂದೆ ಸಾಗಿದಂತೆ ಹಿಂದಕ್ಕೆ ಸರಿಯುವ ಸಮುದ್ರದಿಂದ ಕಾಡುಸಹಿತವಾಗಿ ಭೂಮಿಯೇ ಹೊರಗೆ ಹೊರಡುತ್ತಿದೆಯೋ ಎಂಬಂತಿದೆ, ನೋಡು ಎನ್ನುತ್ತಾನೆ. ನಡುವೆ ಸೀತೆ ಕುತೂಹಲದಿಂದ ಗವಾಕ್ಷದ ಹೊರಗೆ ಕೈಚಾಚಿ ಮೋಡವನ್ನು ಮುಟ್ಟುತ್ತಾಳೆ; ಮೋಡವು ಮಿಂಚಿನ ಎರಡನೆಯ ಬಳೆಯೊಂದನ್ನು ಆ ಕೈಗೆ ತೊಡಿಸುತ್ತದೆ. ಈ ಪದ್ಯ ಬಂದಾಗ ತರಗತಿಯಲ್ಲಿ ಕೆಮ್ಮುವವರೂ ಕೆಮ್ಮು ನಿಲ್ಲಿಸುತ್ತಿದ್ದರು.

ಇಷ್ಟನ್ನು ಬಾಯಿಪಾಠ ಮಾಡಿಕೊಂಡಿದ್ದವನು ಕಡಲ ಮೇಲೆ ಒಮ್ಮೆಯೂ ಹಾರಿರಲಿಲ್ಲ. ಆಕಾಶಯಾನ ನಮ್ಮ ಜಿಲ್ಲೆಗೆ ತೀರ ಅಪರಿಚಿತವೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ಕೋಲಾರದಲ್ಲಿ ಬ್ರಿಟಿಷ್ ವಾಯುಪಡೆಯ ನೆಲೆಯಿತ್ತು, 1944ರ ನವೆಂಬರಿನಲ್ಲಿ ಲಿಬರೇಟರ್ ಬಾಂಬರುಗಳ ಒಂದು ದಳವೇ ಅಲ್ಲಿ ರೂಪುಗೊಂಡಿತು. ಆದರೆ ಅದು ವಿಹಾರದ ಮಾತಲ್ಲ. ವಿಹಾರದ ಮಾತಿಗೆ ಮದರಾಸನ್ನೇ ನೆನೆಯಬೇಕು. ಅಲ್ಲಿ 1910ರಲ್ಲಿ ಡಿ ಆಂಜೆಲಿಸ್ ಎಂಬ ಹೋಟೆಲಿನ ಮಾಲೀಕನೊಬ್ಬ ತಾನೇ ವಿಮಾನವೊಂದನ್ನು ಕಟ್ಟಿಸಿ ಜನರೆದುರು ಹಾರಿಸಿ ತೋರಿಸಿದ. ಹೋಟೆಲು ನಡೆಸುವವನಿಗೆ ಈ ಹುಚ್ಚು ಹೇಗೆ ಹಿಡಿಯಿತೋ! ಬಂಗಾರಪೇಟೆಯ ರೈಲು ಹಿಡಿದು ಮದರಾಸಿಗೆ ಹೋಗಿಬರುತ್ತಿದ್ದ ಗಣಿಯ ಜನರಲ್ಲಿ ಯಾರಾದರೂ ಆ ಗುಂಪಿನಲ್ಲಿ ನಿಂತು ಕತ್ತೆತ್ತಿ ನೋಡಿರಬಹುದು ಎಂದು ಕಲ್ಪಿಸಿಕೊಳ್ಳುವುದು ನನಗೆ ಇಷ್ಟ.

ನನ್ನ ಪಾಲಿಗೆ ಆ ಯೋಗ ಕೂಡಿಬಂದದ್ದು ಮಂಗಳೂರಿನಲ್ಲಿ, 2024ರ ಡಿಸೆಂಬರ್ ಕೊನೆಯಲ್ಲಿ. ಮಗ ಅಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದಾನೆ. ಕರಾವಳಿ ಉತ್ಸವದ ಅಂಗವಾಗಿ ಹೆಲಿಕಾಪ್ಟರಿನಲ್ಲಿ ಊರಿನ ಮೇಲೆ ಸುತ್ತಿಸಿ ಇಳಿಸುವ ವ್ಯವಸ್ಥೆ ಆಗಿತ್ತು. ನಮ್ಮ ವಿವಾಹವಾಗಿ ನಲವತ್ತನೆಯ ವರ್ಷ ಹತ್ತಿರವಾಗುತ್ತಿದೆಯೆಂದು ಅವನು ನಮಗೆ ಹೇಳದೆಯೇ ಎರಡು ಟಿಕೆಟು ತಂದಿಟ್ಟ. "ಹತ್ತು ನಿಮಿಷ ಕೂಡ ಇರುವುದಿಲ್ಲ ಅಪ್ಪ, ಹೆದರಬೇಡಿ" ಎಂದ. ಹೆದರಿಕೆಯ ಮಾತು ಹಾಗಿರಲಿ, ನಾನು ಹಿಂದಿನ ರಾತ್ರಿ ಭೂಪಟ ಹರಡಿಕೊಂಡು ಕುಳಿತೆ. ಯಾವ ಕಡೆ ನೇತ್ರಾವತಿ, ಯಾವ ಕಡೆ ಗುರುಪುರ ಹೊಳೆ, ಎರಡೂ ಕೂಡಿ ಕಡಲು ಸೇರುವ ಅಳಿವೆ ಎಲ್ಲಿ, ಬೆಂಗ್ರೆಯ ಮರಳಿನ ನಾಲಗೆ ಎಲ್ಲಿ, ಪಣಂಬೂರಿನ ಬಂದರು ಎಲ್ಲಿ ಎಂದು ಗುರುತು ಮಾಡಿಕೊಂಡೆ. ಯಾವುದನ್ನು ಯಾವ ಕ್ರಮದಲ್ಲಿ ಮನೆಯಾಕೆಗೆ ತೋರಿಸಬೇಕು, ಆಗ ಹದಿಮೂರನೆಯ ಸರ್ಗದ ಯಾವ ಮಾತನ್ನು ಹೇಳಬೇಕು ಎಂಬುದನ್ನೂ ಗೊತ್ತುಮಾಡಿಕೊಂಡೆ. ಅರುವತ್ತೇಳರ ವಯಸ್ಸಿನಲ್ಲಿ ರಾಮನ ವೇಷ ಕಟ್ಟಲು ಹೊರಟವನ ಸಿದ್ಧತೆ ಇದು.

ತರ್ಕಶಾಸ್ತ್ರದವರು ಆಕಾಶದ ಗುಣ ಶಬ್ದವೆನ್ನುತ್ತಾರೆ. ಕಾಳಿದಾಸನೂ ಆ ಸರ್ಗದ ಆರಂಭದಲ್ಲಿ ಆಕಾಶವನ್ನು ಹಾಗೆಯೇ ಕರೆದಿದ್ದಾನೆ. ಆ ವಿಶೇಷಣದ ಪೂರ್ಣಾರ್ಥ ನನಗೆ ತಿಳಿದದ್ದು ತಲೆಯ ಮೇಲೆ ರೆಕ್ಕೆಗಳು ತಿರುಗತೊಡಗಿದ ಮೇಲೆ. ಕಿವಿಗೆ ಮುಚ್ಚಿಗೆ ಕೊಟ್ಟರು. ನಮ್ಮೊಡನೆ ಅಪರಿಚಿತರು ನಾಲ್ವರಿದ್ದರು. ನನ್ನ ಬಾಯಿ ಆಡುತ್ತಿತ್ತು. ಮಾತು ನನಗೇ ಕೇಳಿಸುತ್ತಿರಲಿಲ್ಲ. ನೆಲ ಕೆಳಕ್ಕೆ ಜಾರಿತು. ತೆಂಗಿನ ತಲೆಗಳ ನಡುವೆ ಕೆಂಪು ಹಂಚಿನ ಮಾಡುಗಳು, ಅವುಗಳನ್ನು ಒತ್ತರಿಸಿಕೊಂಡು ಎದ್ದ ಬಿಳಿಯ ಮಹಡಿಕಟ್ಟಡಗಳು, ಅವುಗಳಾಚೆ ಥಟ್ಟನೆ ಎದುರಿಗೆ ನಿಂತ ನೀರು. ನೀರು ಮಲಗಿರುತ್ತದೆಂದು ಭಾವಿಸಿದ್ದೆ. ಮೇಲಿನಿಂದ ನೋಡಿದರೆ ಅದು ಗೋಡೆಯ ಹಾಗೆ ನಿಂತಿರುತ್ತದೆ. ಹೊಳೆ ಕಡಲಿಗೆ ಕೂಡುವ ಕಡೆ ಕಂದು ಬಣ್ಣವೂ ನೀಲಿ ಬಣ್ಣವೂ ಬಹುದೂರದವರೆಗೆ ಬೆರೆಯದೆ ಒಂದರ ಪಕ್ಕ ಒಂದು ಹೋಗುತ್ತವೆ. ಇದನ್ನು ಪ್ರಯಾಗದ ಸಂಗಮವನ್ನು ವರ್ಣಿಸುವ ಪದ್ಯಗಳ ಜತೆಗೆ ಕೂಡಿಸಿ ಹೇಳಬೇಕೆಂದಿದ್ದೆ. ಕೈಮಾಡಿ ತೋರಿಸಿದೆ. ಮನೆಯಾಕೆ ಅತ್ತ ನೋಡುತ್ತಿರಲಿಲ್ಲ.

ಆಕೆ ನೋಡುತ್ತಿದ್ದುದು ಪಣಂಬೂರಿನ ಕಡೆಗೆ. ಕುದುರೆಮುಖದ ಕಬ್ಬಿಣದ ಅದಿರು ನೀರಿನೊಡನೆ ಬೆರೆತು ಘಟ್ಟದಿಂದ ಕೊಳವೆಯಲ್ಲಿ ಇಳಿದು ಅಲ್ಲಿಗೆ ಬರುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಅಲ್ಲಿಯ ಗಣಿಗಾರಿಕೆ ನಿಂತಿತು. ಬಂದರು, ಕಾರ್ಖಾನೆಗಳು, ಕರಿಯ ಕೆಂಪಿನ ರಾಶಿಗಳು. ರಾಶಿಗಳನ್ನು ಕಂಡರೆ ನಮ್ಮ ಊರಿನವರ ಕಣ್ಣು ನಿಲ್ಲುತ್ತದೆ. ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಸೈನೈಡ್ ದಿಬ್ಬಗಳು ನಮಗೆ ಬೆಟ್ಟಗಳ ಬದಲಿಗೆ ಇದ್ದವು. ಬೇಸಗೆಯ ಗಾಳಿಯಲ್ಲಿ ಆ ಪುಡಿ ಅನ್ನದ ತಟ್ಟೆಯವರೆಗೆ ಬರುತ್ತಿತ್ತು. ದೂರದೂರಿನಿಂದ ಸಿನಿಮಾದವರು ಬಂದು ಅವುಗಳ ಮೇಲೆ ಹಾಡು ಚಿತ್ರಿಸಿಕೊಂಡು ಹೋಗುತ್ತಿದ್ದರು.

ಯಂತ್ರ ಇಳಿಯತೊಡಗಿದಾಗ ಹೊಟ್ಟೆ ಮೇಲಕ್ಕೆ ಬಂದಂತಾಯಿತು, ಕಿವಿ ಕಟ್ಟಿತು. ಆಕೆ ನನ್ನ ತೋಳನ್ನು ಹಿಡಿದಳು. ನೆಲ ಮುಟ್ಟಿ, ಗದ್ದಲ ನಿಂತು, ನಾವು ಬದಿಗೆ ಬಂದು ಕಲ್ಲುಬೆಂಚಿನ ಮೇಲೆ ಕುಳಿತ ಮೇಲೆ ಹೇಳಿದ ಮೊದಲ ಮಾತು ಇದು: "ಅಪ್ಪ ಹೇಳುತ್ತಿದ್ದದ್ದು ಇದನ್ನೇ ಕಣ್ರೀ. ಕೇಜು ಬಿಟ್ಟಾಗ ಹೊಟ್ಟೆ ಮೇಲೆ ಉಳಿಯುತ್ತೆ, ನಾವು ಕೆಳಗೆ ಹೋಗ್ತೀವಿ ಅಂತ."

ಶ್ರೋತೃಗಳೇ, ನನ್ನ ಮಾವನವರು ಚಾಂಪಿಯನ್ ರೀಫ್ ಗಣಿಯಲ್ಲಿ ಭೂಮಿಯೊಳಗೆ ಕೆಲಸ ಮಾಡಿದವರು. ಆ ಗಣಿ ನೆಲದಿಂದ 3 ಕಿಲೋಮೀಟರಿಗೂ ಆಳ ಇಳಿದಿತ್ತು. ಜಗತ್ತಿನ ಅತಿ ಆಳದ ಗಣಿಗಳ ಪಂಕ್ತಿಯಲ್ಲಿ ಅದರ ಹೆಸರಿತ್ತು. ಒಂದೇ ಕೇಜಿನಲ್ಲಿ ತಳ ಮುಟ್ಟುವಂತಿಲ್ಲ. ಒಂದು ಶಾಫ್ಟಿನಲ್ಲಿ ಇಳಿದು, ನಡೆದು, ಮತ್ತೊಂದರಲ್ಲಿ ಇಳಿಯಬೇಕು. ತಳದಲ್ಲಿ ಬಂಡೆಯ ಶಾಖ 60 ಡಿಗ್ರಿಯನ್ನು ಮೀರುತ್ತಿತ್ತು. ಅಲ್ಲಿಗೆ ತಣ್ಣನೆಯ ಗಾಳಿಯನ್ನು ಯಂತ್ರಗಳಿಂದ ಊದಬೇಕಿತ್ತು. ಆ ಯಂತ್ರಗಳಿಗೆಲ್ಲ ಮೂಲವಾದ ವಿದ್ಯುತ್ತು ಶಿವನಸಮುದ್ರದಿಂದ ಬಂದದ್ದು 1902ರಲ್ಲಿ. ಮಂಗಳೂರಿನ ಹೆಲಿಕಾಪ್ಟರು ನಮ್ಮನ್ನು ಎತ್ತಿದ್ದು ಕೆಲವು ನೂರು ಮೀಟರು. ಮಾವನವರು ಇಳಿಯುತ್ತಿದ್ದುದು ಅದರ ಹಲವು ಪಟ್ಟು, ದಿನವೂ, ಟಿಕೆಟಿಲ್ಲದೆ.

ಗಣಿಯ ಲೈನ್ ಮನೆಗಳಲ್ಲಿ ಬೆಳೆದವರಿಗೆ ಕೆಳಗಿನ ಲೋಕ ತಿಳಿಯುತ್ತಿದ್ದುದು ಕಿವಿ ಮತ್ತು ಪಾದಗಳ ಮೂಲಕ. ಸಂಗು ಕೂಗಿದರೆ ಪಾಳಿ ಬದಲಾಯಿತು. ಆಳದಲ್ಲಿ ಒತ್ತಡಕ್ಕೆ ಸಿಕ್ಕ ಬಂಡೆ ಸಿಡಿದರೆ ಮೇಲೆ ಮನೆಯ ನೆಲ ನಡುಗಿ ಪಾತ್ರೆಗಳು ಸದ್ದು ಮಾಡುತ್ತಿದ್ದವು. ರಾಕ್‌ಬರ್ಸ್ಟ್ ಎಂಬ ಆ ಇಂಗ್ಲಿಷ್ ಮಾತು ಅಕ್ಷರ ಬಾರದ ಅಜ್ಜಿಯರಿಗೂ ಗೊತ್ತಿತ್ತು. ಪಾತ್ರೆ ಸದ್ದಾದೊಡನೆ ಒಲೆಯ ಮೇಲಿದ್ದುದನ್ನು ಹಾಗೆಯೇ ಬಿಟ್ಟು ಹೆಂಗಸರು ಶಾಫ್ಟಿನ ಕಡೆಗೆ ಓಡುವರು. ನನ್ನ ಅತ್ತೆಯವರು ಹಾಗೆ ಓಡಿದ್ದುಂಟು, ಮಗಳನ್ನು ಸೊಂಟದಲ್ಲಿಟ್ಟುಕೊಂಡು. ಕೇಜು ಮೇಲೆ ಬಂದು, ಅದರಿಂದ ಇಳಿದವರ ಮುಖಗಳನ್ನು ಒಂದೊಂದಾಗಿ ನೋಡುವುದು. 1952ರ ಗಣಿ ಕಾಯಿದೆಯ ಪ್ರಕಾರ ಹೆಂಗಸರನ್ನು ನೆಲದೊಳಗಿನ ಕೆಲಸಕ್ಕೆ ನೇಮಿಸುವಂತಿರಲಿಲ್ಲ. ಆ ನಿಯಮ ಸಡಿಲವಾದದ್ದು 2019ರಲ್ಲಿ, ಆಗ ನಮ್ಮಲ್ಲಿ ಗಣಿಯೇ ಇರಲಿಲ್ಲ. ಆದರೆ ನೋಡಲು ಬಂದ ಅತಿಥಿಗಳನ್ನು ಅನುಮತಿಯ ಮೇಲೆ ಒಳಗೆ ಕರೆದೊಯ್ಯುವ ಪದ್ಧತಿ ಇತ್ತು.

ಇಲ್ಲಿ ನಾನೊಂದು ವಿಷಯವನ್ನು ಹೇಳಲೇಬೇಕು. 1988ರಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿಗಳ ತಂಡಕ್ಕೆ ಗಣಿಯೊಳಗೆ ಹೋಗಲು ಅನುಮತಿ ದೊರೆಯಿತು. ಜತೆಗೆ ಹೋಗುವ ಅಧ್ಯಾಪಕರಲ್ಲಿ ನಾನೊಬ್ಬ. ಮದುವೆಯಾಗಿ ಮೂರು ವರ್ಷವಾಗಿತ್ತು. ಮನೆಯಾಕೆ "ನನ್ನನ್ನೂ ಕರಕೊಂಡು ಹೋಗ್ತೀರಾ? ಅಪ್ಪ ಕೆಲಸ ಮಾಡುವ ಜಾಗ ಒಂದು ಸಲ ನೋಡಬೇಕು" ಎಂದಳು. ಕೇಳಿದರೆ ಇನ್ನೊಂದು ಹೆಸರನ್ನು ಸೇರಿಸುವುದು ಕಷ್ಟವಿರಲಿಲ್ಲ. ನಾನು ಕೇಳಲಿಲ್ಲ. "ಅಲ್ಲಿ ಕತ್ತಲೆ, ಕೆಸರು. ನಿನಗೆ ನೋಡಲಿಕ್ಕೆ ಏನಿದೆ?" ಎಂದುಬಿಟ್ಟೆ. ಗಣಿ ಕಾರ್ಮಿಕನ ಮಗಳು ನನ್ನ ಹೆಂಡತಿಯೆಂಬುದು ಸಹೋದ್ಯೋಗಿಗಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅವರೆದುರು ಅದು ಎದ್ದು ಕಾಣುವುದು ಬೇಡವೆಂಬ ಸಣ್ಣತನ ಆ ಮಾತಿನ ಹಿಂದೆ ಇತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು.

ಒಳಗೆ ಹೋದೆವು. ಕೇಜು ಬಿದ್ದಿತು, ಇಳಿಯಿತೆನ್ನುವುದಕ್ಕಿಂತ ಬಿದ್ದಿತೆನ್ನುವುದೇ ಸರಿ. ಬೆವರು, ಗಂಧಕದಂಥ ಒಂದು ವಾಸನೆ, ಕಾಲಡಿಯಲ್ಲಿ ಹಳಿ. ಒಂದು ತಿರುವಿನಲ್ಲಿ ಮರದ ದಿಮ್ಮಿಗಳನ್ನು ಆನಿಸಿ ನಿಲ್ಲಿಸುತ್ತಿದ್ದವರ ನಡುವಿನಿಂದ ಒಬ್ಬರು ಎದ್ದು ಬಂದರು. ತಲೆಯ ದೀಪ ನನ್ನ ಕಣ್ಣಿಗೆ ಹೊಡೆದದ್ದರಿಂದ ಗುರುತು ಹತ್ತಲಿಲ್ಲ. ಹೆಗಲ ಮೇಲಿನ ಚೌಕದಿಂದ ಒಂದು ಪೆಟ್ಟಿಗೆಯನ್ನು ಒರೆಸಿ, ತೆಲುಗು ಬೆರೆತ ತಮ್ಮ ಕನ್ನಡದಲ್ಲಿ "ಕೂತ್ಕೊಳ್ಳಿ ಅಳಿಯಂದ್ರೇ" ಎಂದರು. ಮಾವನವರು. ಮಗಳ ಮನೆಗೆ ಬಂದಾಗ ಕುರ್ಚಿಯ ಅಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ ಮನುಷ್ಯ ಅಲ್ಲಿ ಗೃಹಸ್ಥನಂತೆ ನಿಂತಿದ್ದರು. ನನ್ನ ಹಿಂದೆ ಬರುತ್ತಿದ್ದವರನ್ನೆಲ್ಲ ದೀಪ ಹಾಯಿಸಿ ನೋಡಿ, "ಅವಳು ಬರಲಿಲ್ವಾ?" ಎಂದು ಕೇಳಿದರು. ಅನುಮತಿ ಸಿಗಲಿಲ್ಲವೆಂದು ಹೇಳಿದೆ.

ಅವರು 1997ರಲ್ಲಿ ತೀರಿಕೊಂಡರು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಂದಿನಿಂದ ಒಟ್ಟು ಸುಮಾರು 800 ಟನ್ ಚಿನ್ನ ತೆಗೆದರೆಂದು ಲೆಕ್ಕ. ನೀರೆತ್ತುವ ಪಂಪುಗಳು ನಿಂತವು. ಸುರಂಗಗಳಲ್ಲಿ ನೀರು ತುಂಬಿತು. ಕಡಲಿಲ್ಲದ ಊರಿನ ಅಡಿಯಲ್ಲಿ ಈಗ ಕಣ್ಣಿಗೆ ಕಾಣದ ನೀರಿದೆ. ಮಾವನವರು ಒರೆಸಿಕೊಟ್ಟ ಪೆಟ್ಟಿಗೆ ಅದರೊಳಗಿದೆ.

ಹದಿಮೂರನೆಯ ಸರ್ಗವನ್ನು ಎಷ್ಟೋ ಸಲ ಪಾಠ ಮಾಡಿದವನಿಗೆ ಒಂದು ಸಂಗತಿ ತಡವಾಗಿ ಹೊಳೆಯಿತು. ಅಷ್ಟು ಉದ್ದದ ಪ್ರಯಾಣದಲ್ಲಿ ಮಾತೆಲ್ಲ ರಾಮನದು. ಕಡಲು ಹೀಗಿದೆ, ಮೋಡ ಹೀಗಿದೆ; ಇಲ್ಲಿ ನಿನ್ನ ಒಂಟಿ ಕಾಲಂದಿಗೆ ನನಗೆ ಸಿಕ್ಕಿತು, ನಿನ್ನನ್ನು ಅಗಲಿದ ದುಃಖದಿಂದಲೋ ಎಂಬಂತೆ ಅದು ಮೌನವಾಗಿ ಬಿದ್ದಿತ್ತು. ಎಲ್ಲವೂ ಪ್ರೀತಿಯ ಮಾತೇ, ಸಂದೇಹವಿಲ್ಲ. ಸೀತೆ ಕೈಚಾಚಿ ಮೋಡ ಮುಟ್ಟಿದಳೆಂಬುದನ್ನೂ ರಾಮನ ಬಾಯಿಂದಲೇ ಕೇಳುತ್ತೇವೆ. ಆಕೆ ಏನು ಕಂಡಳು, ಕೆಳಗೆ ಸರಿಯುತ್ತಿದ್ದ ಲಂಕೆಯನ್ನು ನೋಡಿ ಏನೆಂದುಕೊಂಡಳು, ಕವಿ ಹೇಳುವುದಿಲ್ಲ.

ಮುಂದಿನ ಸರ್ಗದಲ್ಲಿ ಸೀತೆ ಗರ್ಭಿಣಿ. ಗಂಗಾತೀರದ ತಪೋವನಗಳನ್ನು ಮತ್ತೊಮ್ಮೆ ನೋಡಬೇಕೆಂಬುದು ಆಕೆಯ ಬಯಕೆ. ಆಗಲಿ ಎಂದು ಮಾತುಕೊಟ್ಟ ರಾಮನು ಊರನ್ನು ನೋಡಲು ಮುಗಿಲು ಮುಟ್ಟುವ ಉಪ್ಪರಿಗೆಯನ್ನು ಏರುತ್ತಾನೆ. ಗಮನಿಸಬೇಕು, ಇಲ್ಲಿಯೂ ಎತ್ತರ, ಇಲ್ಲಿಯೂ ಕೆಳಗೆ ಒಂದು ನಗರ. ತುಂಬಿದ ಅಂಗಡಿಗಳ ರಾಜಬೀದಿ, ಸರಯೂ ನದಿಯಲ್ಲಿ ದೋಣಿಗಳು, ಊರಂಚಿನ ತೋಟಗಳಲ್ಲಿ ವಿಹರಿಸುವ ಜನ. ನೋಡಿ ಸಂತೋಷಪಡುತ್ತಾನೆ. ಅಲ್ಲಿಯೇ ಗೂಢಚಾರ ಭದ್ರನನ್ನು ಕರೆದು, ಜನ ಏನೆನ್ನುತ್ತಾರೆ ಎಂದು ಕೇಳುತ್ತಾನೆ. ಉಪ್ಪರಿಗೆಯಿಂದ ಬೀದಿ ಕಂಡಿತ್ತು, ಬೀದಿಯ ಮಾತು ಕೇಳಿಸಿರಲಿಲ್ಲ. ಭದ್ರ ಅದನ್ನು ತಂದೊಪ್ಪಿಸಿದ. ಆ ಮೇಲೆ ಸೀತೆಯ ಬಯಕೆಯೇ ನೆಪವಾಯಿತು. ತಪೋವನ ತೋರಿಸುವೆನೆಂದು ಲಕ್ಷ್ಮಣ ಆಕೆಯನ್ನು ರಥದಲ್ಲಿ ಕರೆದೊಯ್ದು ಗಂಗೆಯಾಚೆ ಬಿಟ್ಟುಬಂದ. ಸೀತೆ ಮನಬಿಚ್ಚಿ ಮಾತನಾಡುವುದು ಆಗ. ನೆಲದ ಮೇಲೆ, ಒಂಟಿಯಾಗಿ. ಹೇಳಿ ಕಳುಹಿಸುವ ಸಂದೇಶದಲ್ಲಿ ಆಕೆ ಗಂಡನನ್ನು 'ಆ ರಾಜ' ಎನ್ನುತ್ತಾಳೆ.

ಆ ಕಾಡು ನಮ್ಮ ಆವಣಿಯೇ ಎಂಬುದು ಕೋಲಾರ ಸೀಮೆಯವರ ನಂಬಿಕೆ. ಮುಳಬಾಗಿಲು ತಾಲ್ಲೂಕಿನ ಆವಣಿಯ ಬೆಟ್ಟದಲ್ಲಿ ವಾಲ್ಮೀಕಿಯ ಆಶ್ರಮವಿತ್ತು, ಲವಕುಶರು ಹುಟ್ಟಿದ್ದು ಅಲ್ಲಿಯೇ ಎಂದು ನಮ್ಮ ಜನ ಬಂಡೆಗಳನ್ನು ಗುರುತಿಟ್ಟು ತೋರಿಸುತ್ತಾರೆ. ಬೆಟ್ಟದ ಮೇಲೆ ಸೀತೆಗೆ ಗುಡಿಯಿದೆ. ಗಂಗೆಗೂ ಆವಣಿಗೂ ಎಷ್ಟು ದೂರವೆಂದು ಪಂಡಿತರು ಕೇಳಬಹುದು. ಪುಷ್ಪಕವನ್ನು ಒಪ್ಪಿದವರು ಇಷ್ಟಕ್ಕೆ ತಕರಾರು ತೆಗೆಯಬಾರದು. ವಿಮಾನದಲ್ಲಿ ಹಾರಿದ ಸೀತೆಯನ್ನಲ್ಲ, ಇಳಿಸಿಬಿಟ್ಟ ಸೀತೆಯನ್ನು ನಮ್ಮ ಜನ ತಮ್ಮವಳೆಂದು ಇಟ್ಟುಕೊಂಡರು.

ಮಂಗಳೂರಿನ ಆ ಕಲ್ಲುಬೆಂಚಿನ ಮೇಲೆ, ಮೂವತ್ತಾರು ವರ್ಷಗಳ ಬಳಿಕ, ನಾನು ಮನೆಯಾಕೆಗೆ ಹೇಳಿದೆ. ಅಂದು ಗಣಿಯೊಳಗೆ ನಿಮ್ಮ ತಂದೆ ನಿನ್ನನ್ನು ಕೇಳಿದರು. ನಾನು ಅನುಮತಿ ಸಿಗಲಿಲ್ಲವೆಂದು ಸುಳ್ಳು ಹೇಳಿದೆ ಎಂದು. ಮುಂದಿನ ಗುಂಪಿಗಾಗಿ ಹೆಲಿಕಾಪ್ಟರಿನ ರೆಕ್ಕೆಗಳು ಮತ್ತೆ ತಿರುಗತೊಡಗಿದ್ದವು. ಅದು ಎದ್ದು ದೂರ ಹೋಗುವವರೆಗೆ ಆಕೆ ಕಾದಳು. "ಗೊತ್ತು. ಅವತ್ತು ಸಾಯಂಕಾಲವೇ ಅಪ್ಪ ಮನೆಗೆ ಬಂದಿದ್ರಲ್ಲ, ನೀವಿನ್ನೂ ಬಂದಿರಲಿಲ್ಲ. ಪರ್ಮಿಟ್ ಬರೆಯೋ ಗುಮಾಸ್ತರು ಅಪ್ಪನ ಸ್ನೇಹಿತರು. ನಾನೂ ಬರ್ತೀನಿ ಅಂತ ಅಪ್ಪ ಅವರ ಹತ್ತಿರ ಮುಂಚೆಯೇ ಹೇಳಿಟ್ಟಿದ್ರಂತೆ" ಎಂದಳು. ಬಳಿಕ, ಬಿಸಿಲು ಜಾಸ್ತಿಯಾಯಿತೆಂದು ಎದ್ದಳು.

ಊರಿಗೆ ಹಿಂದಿರುಗುವಾಗ ಬೆಂಗಳೂರಿನಿಂದ ಮಾರಿಕುಪ್ಪಂ ರೈಲನ್ನೇ ಹಿಡಿದೆವು. ಬಂಗಾರಪೇಟೆಯಲ್ಲಿ ನಾನು ಇಳಿಯಲು ಚೀಲ ಎತ್ತಿಕೊಂಡೆ. ನಮ್ಮ ಮನೆ ಇರುವುದು ಅಲ್ಲಿಯೇ. ಆಕೆ ಏಳಲಿಲ್ಲ. "ಇನ್ನೂ ಸ್ವಲ್ಪ ದೂರ ಹೋಗಿ ಬರೋಣ, ಕೂತ್ಕೊಳ್ಳಿ" ಎಂದಳು. ಕುಳಿತೆ. ಕೋರಮಂಡಲ ದಾಟಿತು. ಊರ್ಗಾಂ ಬಂತು. ಕಿಟಕಿಯ ಕಂಬಿಗಳ ನಡುವೆ ಕೈ ಹೊರಗಿಟ್ಟು ಆಕೆ ತೋರಿಸತೊಡಗಿದಳು. ಅದು ತಾನು ಓದಿದ ಸ್ಕೂಲು. ಅದರ ಹಿಂದೆ ಅಮ್ಮ ನೀರು ಹಿಡಿಯುತ್ತಿದ್ದ ಕೊಳಾಯಿ. ಆ ದಿಬ್ಬದಿಂದ ತಗಡಿನ ಮೇಲೆ ಕೂತು ಜಾರುತ್ತಿದ್ದೆವು. ಈ ಗೋಡೆಯಿಲ್ಲದ ಮನೆ ಅತ್ತೆಯದು. ಚಾಂಪಿಯನ್ ಬಂದಾಗ ಜಾಲಿಗಿಡಗಳ ಮೇಲೆ ತುಕ್ಕು ಹಿಡಿದ ಕಬ್ಬಿಣದ ಗೋಪುರವೊಂದು ಕಂಡಿತು. ಅದರ ತುದಿಯಲ್ಲಿ ಹಗ್ಗವಿಲ್ಲದ ಗಾಲಿ. "ಇಲ್ಲೇ" ಎಂದಳು. ನನಗೆ ತುಕ್ಕಿನ ಗೆರೆಯ ಪದ್ಯ ಬಾಯಿಗೆ ಬಂತು. ಹೇಳಲಿಲ್ಲ. "ಯಾವ ಕಡೆ?" ಎಂದು ಕೇಳಿ, ಆಕೆಯ ಕೈ ಹೋದತ್ತ ಬಗ್ಗಿ ನೋಡಿದೆ.